ಎಂಬತ್ತೇಳರಲ್ಲಿ ಒಂದು

ರೈಲು ಸುಮ್ಮನೆ ಸುತ್ತಬಾರದು.
ಮೂವತ್ತೊಂದು ವರ್ಷ ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿ
ವ್ಯಾಗನ್ನಿನ ಹೊಟ್ಟೆಯಡಿ ಮಲಗಿ ಕಲಿತದ್ದು ಇಷ್ಟೇ:
ಡಬ್ಬಿ ಅಂದಮೇಲೆ ಅದಕ್ಕೊಂದು ಸರಕು ಬೇಕು,
ಇಳಿಸಲಿಕ್ಕೆ ಒಂದು ಬಾಗಿಲು,
ತಡವಾಯಿತೆಂದು ಬೈಯಲಿಕ್ಕೆ ಒಬ್ಬ ಗುಮಾಸ್ತ.

ಮಂಟೂರ ರಸ್ತೆಯ ಮನೆಯ ಮಾಳಿಗೆ ಮೇಲೆ
ಹಳೆಯ ಕದವೊಂದನ್ನು ಮಲಗಿಸಿ ಹಳಿ ಹಾಸಿದ್ದೇನೆ.
ಚಿಲಕದ ತೂತು ಈಗ ಬಾವಿ.
ಮುಖ್ಯ ಹಳಿಯಿಂದ ಗೇಣುದ್ದದ ಒಂದು ಕವಲು
ಎಲ್ಲಿಗೂ ಹೋಗದೆ ನಿಂತಿತ್ತು ಎರಡು ವರ್ಷ.
ಸಿಮೆಂಟು ಬೇಡ, ಅದಿರು ಬೇಡ, ಆ ಧೂಳು ಸಾಕಷ್ಟು ತಿಂದಿದ್ದೇನೆ.
ಪೆಪ್ಪರಮಿಂಟ್ ಫ್ಯಾಕ್ಟರಿ, ಅಂತ ಬರೆದೆ ಪೆನ್ಸಿಲಿನಲ್ಲಿ.

ನಿಜದ ಎಂಬತ್ತೇಳು ಅಡಿ ಇಲ್ಲಿ ಒಂದು ಅಡಿ.
ಹಾಗಾದರೆ ಸಕ್ಕರೆ ಚೀಲ ಒಂದು ಯಾಲಕ್ಕಿ,
ಹಮಾಲ ಹುಣಸೆ ಬೀಜಕ್ಕಿಂತ ತುಸು ಎತ್ತರ,
ಲಿಂಬಿಹುಳಿ ಒಂದು ರವೆಯ ಕಾಳು, ಅದೂ ಚಿರೋಟಿ ರವೆ.
ಭೋಂಗಾ ಮಾತ್ರ ಎಷ್ಟು ಸಣ್ಣದು ಮಾಡಿದರೂ
ಕಿವಿಯಲ್ಲಿ ಅಷ್ಟೇ ದೊಡ್ಡದು.

ಕಟ್ಟಿದೆ. ಬೂಟಿನ ಡಬ್ಬಿಯ ರಟ್ಟು ಗೋಡೆ,
ಊದಿನಕಡ್ಡಿಯ ಕೊಳವೆ ಚಿಮಣಿ.
ಹಿಂದಿನ ಓಣಿಯ ದಾವಲಬಿಯನ್ನು ಕರೆದು ತೋರಿಸಿದೆ.
ಮೆಹರವಾಡೆಯವರ ಫ್ಯಾಕ್ಟರಿಯಲ್ಲಿ
ಹತ್ತೊಂಬತ್ತು ವರ್ಷ ಕಾಗದ ತಿರುವಿದ ಕೈ ಅವಳದು;
ಮಾತಿನ ನಡುವೆ ಹೆಬ್ಬೆರಳು ಈಗಲೂ ತಿರುವುತ್ತವೆ.
ಕನ್ಯಾ ನೋಡಲು ಬಂದವರ ಹಾಗೆ ಬಗ್ಗಿ ನೋಡಿದಳು.

“ಚಿಮಣಿ ಇಷ್ಟು ನೆಟ್ಟಗ ಇರಲಿಲ್ರೀ ಅಣ್ಣಾರ, ವಾಲಿತ್ತು.
ಪಾಕದ ಕಡಾಯಿ ಮುಂದ ಅಲ್ಲ, ಹಿಂದ.
ಪಾಕ ಸುರುವೋ ಕಲ್ಲು ಎಲ್ಲೈತಿ?
ನಾವು ಹದಿನಾಲ್ಕು ಮಂದಿ, ಕಿಟಕಿ ಇರಲಾರದ ಖೋಲಿ,
ಕಾಗದ ಹಾರತಾವಂತ ಫ್ಯಾನೂ ಹಾಕತಿರಲಿಲ್ಲ.
ನಮ್ಮನ್ನ ಎಲ್ಲಿ ಇಟ್ಟೀರಿ?”

ಇಟ್ಟಿರಲಿಲ್ಲ.
ರೈಲಿನವನಿಗೆ ಫ್ಯಾಕ್ಟರಿ ಅಂದರೆ ಬಾಗಿಲ ತನಕ.
ಒಳಗೆ ಹೋದ ಸಕ್ಕರೆ
ಹೇಗೋ ಪೆಟ್ಟಿಗೆಯಾಗಿ ಹೊರಬೀಳುತ್ತದೆ.

ಮರುದಿನ ಮಾಡು ಕಿತ್ತೆ.
ಹದಿನಾಲ್ಕು ಅಕ್ಕಿಕಾಳಿಗೆ ಸೀರೆ ಬಳಿದು ಕೂರಿಸಿದೆ.
ಮೂಲೆಯದಕ್ಕೆ ಹಸಿರು, ದಾವಲಬಿಯ ಹುಕುಂ.
“ಅದು ನಮ್ಮ ಸಂಗವ್ವ. ಎಡಗೈಲೆ ತಿರುವತಿದ್ಲು.
ಆಕಿ ಸುತ್ತಿದ್ದು ಬಿಚ್ಚಾಕ ಹುಡುಗ್ರು ಹಲ್ಲು ಹಚ್ಚತಿದ್ವು.”

ಖುಷಿಗೆ ವ್ಯಾಗನ್ನಿಗೆ ನಿಜವಾದ ಸಕ್ಕರೆಯನ್ನೇ ಸುರಿದೆ, ಒಂದು ಚಮಚ.
ಲೆಕ್ಕ ತಪ್ಪು. ಇಲ್ಲಿ ಅದರ ಒಂದೊಂದು ಹರಳೂ ಲಿಂಬಿಹಣ್ಣಿನಷ್ಟು.
ಬೆಳಗ್ಗೆ ಎದ್ದರೆ ಇರುವೆ.
ಅಳತೆ ಪ್ರಕಾರ ಒಂದೊಂದೂ ಆಡಿನ ಮರಿಯಷ್ಟು,
ಸಾಲಾಗಿ, ಗೇಟ್ ಪಾಸಿಲ್ಲದೆ,
ಸಿಗ್ನಲ್ ಕೆಂಪಿದ್ದರೂ ಹಳಿ ದಾಟಿ
ಇಡೀ ವ್ಯಾಗನ್ ಇಳಿಸಿಬಿಟ್ಟಿದ್ದವು.
ನನ್ನ ರೈಲಿನಲ್ಲಿ ಮೊದಲ ಸಲ
ಯಾರೋ ನಿಜವಾಗಿ ಕೆಲಸ ಮಾಡಿದ್ದರು.
ಚಿಮಣಿ ಎಣ್ಣೆ ಹಿಡಿದು ಬಂದವನು ಬಾಗಿಲಲ್ಲೇ ನಿಂತೆ.

“ಈಗ ಫ್ಯಾಕ್ಟರಿ ಆತು,” ಅಂದಳು ದಾವಲಬಿ,
“ಆದರ ವಾಸನಿ ಇಲ್ಲ.”
ಕೆಳಗಿಳಿದು ನನ್ನದೇ ಒಲೆ ಹಚ್ಚಿ
ಸಕ್ಕರೆ ಕರಗಿಸಿ, ಲಿಂಬಿ ಹಿಂಡಿ,
ಸೌಟು ಮುಟ್ಟದೆ ಸುಮ್ಮನೆ ಕಾದಳು.
ಮೊದಲು ಸಿಹಿ, ಆಮೇಲೆ ಹುಳಿ,
ಆಮೇಲೆ ತುಸು ಸೀದದ್ದು
ಮೆಟ್ಟಿಲು ಹತ್ತಿ ಮಾಳಿಗೆಗೆ ಬಂತು.
ಎಂಬತ್ತೇಳರಿಂದ ಭಾಗಿಸಿ ನೋಡಿದೆ.
ಹೋಗಲಿಲ್ಲ.

ಸಂಜೆ ಐದೂ ಹತ್ತು.
ಖಾಲಿ ವ್ಯಾಗನ್ ಟ್ಯಾಂಕರಿನ ಹಿಂದೆ ಸಿಕ್ಕಿಬಿದ್ದಿದೆ,
ಇಂಜಿನ್ ನಿಂತದ್ದು ತಪ್ಪು ಮಗ್ಗುಲಲ್ಲಿ.
ಅದು ಆಮೇಲೆ.
ಮಾಡು ಇನ್ನೂ ಅಂಟಿಸಿಲ್ಲ,
ಸಂಗವ್ವನಿಗೆ ಎಡಗೈ ಬಿಡಿಸುವುದು ಉಳಿದಿದೆ.
ಮೂರೇ ಕೂದಲಿನ ಕುಂಚ ಹಿಡಿದು
ಅಕ್ಕಿಕಾಳಿಗೆ ಎಡ ಯಾವುದು
ಅಂತ ತಿಳಿಯದೆ ಕೂತಿದ್ದೇನೆ.